ಬೂದಿ ಚೆಲ್ಲುವ ಮೂಲೆಯ ಮಣ್ಣು

ಮಣ್ಣು ಪರೀಕ್ಷೆಯ ಅಧಿಕಾರಿಗಳೇ,

ನಿಮ್ಮ ಕಚೇರಿ ಕೊಟ್ಟ ಮಣ್ಣಿನ ಕಾರ್ಡನ್ನು ನಂಬಿ ಎರಡು ವರ್ಷ ನನ್ನ ಗೋವಿನಜೋಳಕ್ಕೆ, ದಂಟಿಗೆ ಬಲ ಕೊಡುವ ಪೊಟ್ಯಾಷ್ ಗೊಬ್ಬರ ಹಾಕಲಿಲ್ಲ. ಎರಡು ವರ್ಷವೂ ಬೆಳೆ ಗಾಳಿಗೆ ಮಲಗಿತು. ಆ ಕಾರ್ಡು ನನ್ನ ಹೊಲದ್ದಲ್ಲ, ನಮ್ಮ ಮನೆಯ ಒಲೆಯದ್ದು ಎಂದು ತಮ್ಮ ಗಮನಕ್ಕೆ ತರಲು ಈ ಪತ್ರ.

ಎಕ್ಕಂಬಿಯ ನಮ್ಮ ಹೊಲಕ್ಕೆ ನಿಮ್ಮ ಸಹಾಯಕರು ಬಂದದ್ದು ಬೇಸಿಗೆಯ ಅಡ್ಡಮಳೆಯ ಮರುದಿನ, ಹೊಸ ಬೂಟು ಹಾಕಿಕೊಂಡು. ಕೆಸರಿಗೆ ಇಳಿಯದೆ ರಸ್ತೆ ಬದಿಯ ಮೂಲೆಯಲ್ಲೇ ಬಗ್ಗಿ ಒಂದು ಬೊಗಸೆ ಮಣ್ಣು ತೆಗೆದರು. ನನ್ನ ಅತ್ತೆ ಮಂಜಿ ಮದುವೆಯಾಗಿ ಬಂದಂದಿನಿಂದ ಒಲೆಯ ಬೂದಿ ಸುರಿಯುತ್ತಿರುವ ಮೂಲೆ ಅದು.

“ಅಲ್ಲಿ ಒಲಿ ಬೂದಿ ಚೆಲ್ತೀವ್ರಿ. ನಡು ಹೊಲಕ್ಕ ಬರ್ರಿ,” ಎಂದರು ಅತ್ತೆ.

“ಮಣ್ಣು ಎಲ್ಲಾ ಕಡೆ ಒಂದೇ ಅಮ್ಮಾ,” ಎಂದರು ನಿಮ್ಮವರು.

ಆಗ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. “ಸುಮ್ನಿರ್ರಿ ಅತ್ತಿ, ಓದಿದವ್ರ ಮುಂದ ಬೂದಿ ಸುದ್ದಿ ಯಾಕ,” ಎಂದು ಅವರ ಬಾಯಿ ಮುಚ್ಚಿಸಿದೆ. ನನಗೆ ನಾಚಿಕೆಯಾಗಿತ್ತು. ಈಗ ಆ ನಾಚಿಕೆಯ ಬಗ್ಗೆ ನಾಚಿಕೆಯಾಗುತ್ತಿದೆ.

ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಅದು ಮಣ್ಣಿನ ಹುಳಿಯನ್ನೂ ಕಳೆಯುತ್ತದೆ. ಹಾಗಾಗಿ ಕಾರ್ಡಿನಲ್ಲಿ ಎರಡು ಶುಭಸಮಾಚಾರ ಬಂದವು. ಪೊಟ್ಯಾಷ್ ಹೇರಳವಾಗಿದೆ, ಹಾಕಬೇಡಿ. ಮಣ್ಣಿನಲ್ಲಿ ಹುಳಿ ಇಲ್ಲ, ಅಗ್ಗದ ರಾಕ್ ಫಾಸ್ಫೇಟ್ ಕರಗುವುದಿಲ್ಲ, ರಂಜಕಕ್ಕೆ ಡಿಎಪಿಯನ್ನೇ ಕೊಳ್ಳಿ. ಉಳಿದ ಹೊಲವೆಲ್ಲ ಹುಳಿ ಮಣ್ಣು, ಅಲ್ಲಿ ಆ ಅಗ್ಗದ್ದೇ ಕರಗುತ್ತಿತ್ತು. ಬೇಕಾದದ್ದನ್ನು ಬಿಡಿಸಿ ದುಬಾರಿಯದ್ದನ್ನು ಹೊರಿಸಲು ಪ್ರಯೋಗಾಲಯವೇ ಬೇಕಿತ್ತೇ? ಗೊಬ್ಬರದ ಅಂಗಡಿಯವರು ಅಷ್ಟನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ನಿಮ್ಮ ದಕ್ಷತೆ ಅಲ್ಲಿಗೂ ನಿಲ್ಲಲಿಲ್ಲ. ಅದೇ ಬೊಗಸೆ ಮಣ್ಣಿನಿಂದ ನಮ್ಮದೂ ಸೇರಿ ಸುತ್ತಲಿನ ಹನ್ನೊಂದು ಮನೆಗೆ ಕಾರ್ಡು ಹಂಚಿದಿರಿ. ಮಹಿಳಾ ಸಂಘದ ಅಧ್ಯಕ್ಷೆಯಾಗಿ ಮನೆಮನೆಗೆ ಹೋಗಿ, ಕಾರ್ಡಿನಂತೆಯೇ ಗೊಬ್ಬರ ಹಾಕಿ ಎಂದು ಒಪ್ಪಿಸಿದವಳು ನಾನು. ಕಳೆದ ವರ್ಷ ಎಲ್ಲರ ಜೋಳವೂ ಮಲಗಿದಾಗ ನಮ್ಮ ಹೊಲದಲ್ಲಿ ನೆಟ್ಟಗೆ ನಿಂತದ್ದು ಬೂದಿ ಮೂಲೆಯ ಹತ್ತಿಪ್ಪತ್ತು ಗಿಡ ಮಾತ್ರ. ಅದನ್ನು ನೋಡಿದಾಗಲೇ ನನಗೆ ವಿಷಯ ಹೊಳೆದದ್ದು. ಪಕ್ಕದ ಹೊಲದ ಗೀತಾ, “ನಿನ್ನ ಮಾತು ಕೇಳಿ ಕೆಟ್ಟೆ ಸೌಮ್ಯ,” ಎಂದವಳು ಆಮೇಲೆ ನನ್ನೊಡನೆ ಮಾತಾಡಿಲ್ಲ. ಕಾರ್ಡಿನ ಮೇಲೆ ನಿಮ್ಮ ಸಹಿ ಇದೆ, ಬೈಗುಳ ಮಾತ್ರ ನನ್ನ ಪಾಲಿಗೆ ಬಂದಿದೆ.

ನಿಮ್ಮ ಕಚೇರಿಗೆ ಬಂದು ಹೇಳಿದರೆ, ಮುಂದಿನ ಪರೀಕ್ಷೆ ಮುಂದಿನ ಸುತ್ತಿನಲ್ಲಿ ಎಂದರು. ಬಿತ್ತುವ ಜೂನ್ ತಿಂಗಳು ನಿಮ್ಮ ಸುತ್ತು ನೋಡಿ ಬರುತ್ತದೆಯೇ?

ಬಿತ್ತನೆಗೆ ಮೊದಲು ಬನ್ನಿ. ಹನ್ನೊಂದು ಹೊಲಗಳಲ್ಲೂ ನಡೆದಾಡಿ, ಒಂದೊಂದರಲ್ಲಿ ಹತ್ತು ಕಡೆ ಅಗೆದು, ಮಣ್ಣು ಬೆರೆಸಿ ಪರೀಕ್ಷಿಸಿ. ತಪ್ಪು ಕಾರ್ಡುಗಳನ್ನು ಸಂಘದ ಎದುರಿಗೇ ವಾಪಸು ಪಡೆಯಿರಿ. ಹಳೆಯ ಚಪ್ಪಲಿ ಹಾಕಿಕೊಂಡು ಬಂದರೆ ಒಳ್ಳೆಯದು. ಅತ್ತೆಯ ಕ್ಷಮೆಯನ್ನು ನಾನು ಕೇಳಿಯಾಗಿದೆ. ಇನ್ನು ನೀವು ಕೇಳುವುದು ಬಾಕಿ ಇದೆ.

ಇಂತಿ,
ನಿಮ್ಮ ಕಾರ್ಡಿನ ಪ್ರಕಾರ ಸಮೃದ್ಧ ಮಣ್ಣಿನ ಒಡತಿ,
ಸೌಮ್ಯ, ಎಕ್ಕಂಬಿ