ದೈವಾಧೀನವಲ್ಲ

ಮಾಸನ್ ಲೇಕ್ಸ್, ಅಡಿಲೇಡ್
೬ ನವೆಂಬರ್ ೨೦೧೬

ಚಿರಂಜೀವಿ ಭರತೇಶ,

ನಿನಗೆ ನನ್ನ ಆಶೀರ್ವಾದ ಎಂದಿನಂತೆ ಇದೆ, ಸಮ್ಮತಿ ಇಲ್ಲ.

ಪ್ರೇರಣಾಳ ಸ್ಮರಣಸಭೆಗೆಂದು ನೀನು ಬ್ರಿಸ್ಬೇನಿನಿಂದ ಕಳುಹಿಸಿದ ಆಹ್ವಾನಪತ್ರದ ಕರಡು ತಲುಪಿತು. ‘ನಮ್ಮ ಅಕ್ಕ ಕಾಂಗೋದಲ್ಲಿ ದೈವಾಧೀನರಾಗಿ ಒಂದು ವರ್ಷ’ ಎಂದು ಬರೆದಿದ್ದೀಯೆ. ಆ ಪದದ ಮೇಲೆ ಕೆಂಪು ಗೆರೆ ಬಿದ್ದ ಪ್ರತಿ ಈ ಪತ್ರದೊಂದಿಗಿದೆ.

ತೊಂಬತ್ತು ತುಂಬಿದ ನನ್ನ ತಾಯಿ ನಿದ್ದೆಯಲ್ಲಿ ತೀರಿಕೊಂಡಳು, ಅದು ದೈವಾಧೀನ. ನಿನ್ನ ಅಕ್ಕ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ತಂಡದವಳಾಗಿ, ಗಣಿಗಾಗಿ ಒಕ್ಕಲೆಬ್ಬಿಸಲ್ಪಟ್ಟವರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದಳು. ಗಣಿಯ ಕಾವಲುಗಾರರು ಆ ಗುಂಪಿನ ಮೇಲೆ ಗುಂಡು ಹಾರಿಸಿದರು. ಇದರಲ್ಲಿ ದೈವದ ಅಧೀನದಲ್ಲಿದ್ದುದು ಯಾವುದು? ಕೋವಿಯೇ, ಅದನ್ನು ಕೈಗಿತ್ತ ಕಂಪನಿಯೇ?

ಆ ಕಂಪನಿಯ ಕೇಂದ್ರ ಕಚೇರಿ ಪರ್ತ್‌ನಲ್ಲಿದೆ. ವಿಶ್ವಸಂಸ್ಥೆಯ ತನಿಖಾಧಿಕಾರಿಗಳ ಪ್ರಶ್ನೆಗಳಿಗೆ ಅದು ಈವರೆಗೆ ಉತ್ತರಿಸಿಲ್ಲ. ಆದರೆ ವಾರ್ಷಿಕ ಸಭೆಯಲ್ಲಿ ಷೇರುದಾರನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಆದ್ದರಿಂದ ಷೇರು ಕೊಂಡಿದ್ದೇನೆ. ಗುರುವಾರ ಆ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ.

ನೀನು ಫೋನಿನಲ್ಲಿ ಹೇಳಿದ್ದನ್ನು ಮರೆತಿಲ್ಲ: “ಅಪ್ಪಾ, ನಮ್ ಆಫೀಸಿಗೂ ಅವ್ರೇ ಕ್ಲೈಂಟು. ನೀವಲ್ಲಿ ಹೋಗಿ ಡಿಬೇಟ್ ಮಾಡಿದ್ರೆ ಅಕ್ಕ ವಾಪಸ್ ಬರ್ತಾಳಾ? ಅಮ್ಮನ ಮುಖ ನೋಡಿಯಾದ್ರೂ ಸುಮ್ನಿರಿ.” ನಿನ್ನ ಕೆಲಸಕ್ಕೆ ಕುತ್ತು ಬರಬಹುದು. ಅದನ್ನು ಅರಿತೇ ಹೊರಟಿದ್ದೇನೆ.

ನನ್ನ ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಬಂದ ಪಕ್ಷವನ್ನೇ ಸತ್ಯವೆಂಬಂತೆ ವಾದಿಸಿ ಪದಕಗಳನ್ನು ಗೆದ್ದೆ. ಈ ಸಲ ಚೀಟಿ ಇಲ್ಲ. ಗೆಲ್ಲುವ ಭರವಸೆಯೂ ಇಲ್ಲ. ಕೇಳುವುದು ಒಂದೇ: ಗುಂಡು ಹಾರಿಸಿದವರಿಗೆ ಸಂಬಳ ಕೊಟ್ಟವರು ಯಾರು? ಉತ್ತರ ಬರುವವರೆಗೆ ನಾನು ಕುಳಿತುಕೊಳ್ಳುವುದಿಲ್ಲ.

ಆಹ್ವಾನಪತ್ರದಲ್ಲಿ ‘ಕೊಲೆಯಾಗಿ ಒಂದು ವರ್ಷ’ ಎಂದೇ ಅಚ್ಚಾಗಲಿ. ಇಲ್ಲವಾದರೆ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿ ನೀನು ನಡೆಸುವ ಸ್ಮರಣಸಭೆಯಲ್ಲಿ ನನಗೆ ಕುರ್ಚಿ ಹಾಕಿಸಬೇಡ.

ನಿನ್ನ ತಂದೆ,
ಸದಾಶಿವ

ಮ.ವಿ.: ಕೆಂಪು ಗೆರೆಯನ್ನು ನನ್ನದೆಂದು ತಿಳಿಯಬೇಡ. ಎಳೆದವಳು ನಿನ್ನ ಅಮ್ಮ. ಕಾಗದ ಹರಿದಿರುವುದನ್ನು ನೋಡಿದರೆ ನಿನಗೇ ತಿಳಿಯುತ್ತದೆ. ಅವಳ ಹೆಸರಿನಲ್ಲೂ ಷೇರು ಇದೆ. ಗುರುವಾರದ ಸಭೆಯಲ್ಲಿ ಮೊದಲು ಏಳುವವಳು ಅವಳೇ. “ನೀವು ವಾದ ಮಾಡ್ತೀರಿ, ನಾನು ಪ್ರಶ್ನೆ ಕೇಳ್ತೀನಿ” ಎಂದಳು.