ಪಟ್ಟಿಯ ಕೆಳಗಿನ ಸಾಲು

ಮಾರ್ಚ್ ೧೨, ಗುರುವಾರ

ಚಿಕ್ಕವಳಿಗೆ,

ಬರೆಯುತ್ತಿರುವವಳು ನಿನ್ನ ಅಕ್ಕ. ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ, ಆದರೂ ಹೇಳಿಬಿಡುತ್ತೇನೆ. ಅಮ್ಮ ತೀರಿಕೊಂಡ ವರ್ಷ ಹತ್ತನೇ ತರಗತಿಗೇ ಪುಸ್ತಕ ಮುಚ್ಚಿಟ್ಟು ಸೌಟು ಹಿಡಿದವಳು, ನಿನಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದವಳು ನಾನು. ಈಗ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ವರು ಮೊಮ್ಮಕ್ಕಳಿರುವ ಮನೆಯ ಯಜಮಾನಿ. ನಾನು ಕೆಮ್ಮಿದರೆ ಇಲ್ಲಿ ಟಿ.ವಿ. ಸದ್ದು ತಾನಾಗಿ ತಗ್ಗುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದನ್ನು ಬರೆಯುವುದು ಇಂಥವಳಿಗೆ ಎಷ್ಟು ಕಷ್ಟ ಎಂದು ನಿನಗೆ ತಿಳಿಯಲಿ ಎಂದು ಹೇಳಿದೆ.

ಪತ್ರ ತಡವಾಯಿತು. ಮೂವತ್ತೊಂದು ವರ್ಷ ತಡ. ಇಷ್ಟು ತಡಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ಶಾಲೆಯಲ್ಲಿ ನಮಗೆ ಕಲಿಸಿರಲಿಲ್ಲ.

ನಿನ್ನ ಗಂಟಲಿನ ಆಪರೇಷನ್ ವಿಷಯ ತಿಳಿಯಿತು. ಗಾಯ ಮಾಗಿದೆಯೇ? ನುಂಗುವುದಕ್ಕೆ ಆಗುತ್ತಿದೆಯೇ? ಏನು ಕುಡಿದರೂ ಆರಿಸಿಕೊಂಡು ಕುಡಿ, ನಿನಗೆ ಚಿಕ್ಕಂದಿನಿಂದ ಅವಸರ. ಇವಳಿಗೆ ಯಾರು ಹೇಳಿದರು ಎಂದು ಹುಬ್ಬೇರಿಸಬೇಡ, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ಬೀದಿಯ ಔಷಧಿ ಅಂಗಡಿಯವನಿಗೆ ಒಂದು ಹುಚ್ಚು. ಹಳೆಯ ಪದ್ಯಗಳನ್ನು ಜನರಿಂದ ಓದಿಸಿ, ಯಾರು ಬೇಕಾದರೂ ಪುಕ್ಕಟೆ ಕೇಳಲಿ ಎಂದು ಇಂಟರ್ನೆಟ್ಟಿಗೆ ಹಾಕುತ್ತಾನೆ. ಆ ಗುಂಪಿಗೆ ನೀನು ಓದಿ ಕಳಿಸುತ್ತಿದ್ದೆ. ಹೊರಗಿನ ಸದ್ದು ಬೀಳದ ಹಾಗೆ ಕಂಬಳಿ ಮುಸುಕು ಹಾಕಿಕೊಂಡು ಫೋನಿಗೆ ಓದುವ ಕಷ್ಟ ನಿನಗೇ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಾಗೆ ಬಂದದ್ದನ್ನು ಕೇಳಿ ತಪ್ಪು ಹಿಡಿಯುವವಳು ನಾನು, ಆರು ವರ್ಷದಿಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಔಷಧಿಯ ಖಾಲಿ ಡಬ್ಬಗಳ ನಡುವೆ ನನ್ನ ಕುರ್ಚಿ. ಮುಲಾಜು ಬರಬಾರದೆಂದು ಓದಿದವರ ಹೆಸರು ನಮಗೆ ಹೇಳುವುದಿಲ್ಲ, ನಂಬರು ಮಾತ್ರ. ನಾನು ‘ಸರಿ’ ಎಂದು ಬರೆದರೆ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮತ್ತೆ ಓದಬೇಕು. ಗುಂಪಿನಲ್ಲಿ ನನಗೆ ‘ಜರಡಿ ಅಜ್ಜಿ’ ಎಂದು ಹೆಸರು. ದೊಡ್ಡ ಸೊಸೆ ನನ್ನೆದುರೇ ಹೇಳುತ್ತಾಳೆ, “ನಮ್ಮತ್ತೆ ಬೆಳಿಗ್ಗೆ ಕೋಳಿ ಕೂಗಿದ್ರೂ, ಸರಿಯಾಗಲಿಲ್ಲ ಇನ್ನೊಂದ್ಸಲ ಕೂಗು ಅಂತಾರೆ.” ನಾನೂ ಬೈಯುವುದಿಲ್ಲ. ಒಳಗೊಳಗೇ ಹಿಗ್ಗು.

ಕಳೆದ ತಿಂಗಳು ಹದಿನೇಳನೇ ನಂಬರಿನಿಂದ ದೋಣಿಯ ಪದ್ಯ ಬಂತು.

ಅಪ್ಪ ನಮಗೆ ಕಲಿಸಿದ್ದ ಅದೇ ಪದ್ಯ. ಅಚ್ಚುಕೂಟದಲ್ಲಿ ದಿನವಿಡೀ ಬೇರೆಯವರ ಪುಸ್ತಕಗಳಿಗೆ ರಟ್ಟು ಕಟ್ಟಿ, ಕೈಯೆಲ್ಲ ಅಂಟು ಮಾಡಿಕೊಂಡು ಬಂದು, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅದರ ನಲವತ್ತು ಚರಣವನ್ನೂ ಬಾಯಿಪಾಠ ಮಾಡಿಸಿದ್ದು ನೆನಪಿದೆಯಲ್ಲ? ನೀನು ಹೇಳಿದರೆ ಪಕ್ಕದ ಮನೆಯವರು ಕೈಕೆಲಸ ಬಿಟ್ಟು ಕೇಳುತ್ತಿದ್ದರು. ನಾನು ಹೇಳಿದರೆ, “ಇವಳು ಪದ್ಯ ಹೇಳ್ತಾ ಇಲ್ಲ ಕಣ್ರೋ, ಹಾಜರಿ ಕೂಗ್ತಾ ಇದಾಳೆ” ಎಂದು ಅಪ್ಪ ನಗುತ್ತಿದ್ದ.

ಈ ಧ್ವನಿ ಗೊಗ್ಗರಾಗಿತ್ತು. ಗಂಡಸೋ ಹೆಂಗಸೋ ತಿಳಿಯುವಂತಿರಲಿಲ್ಲ. ಎರಡು ಸಾಲಿಗೊಮ್ಮೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಆದರೂ ನಿಲ್ಲಿಸುವ ಕಡೆ ನಿಲ್ಲಿಸಿ, ಏರಿಸುವ ಕಡೆ ಏರಿಸಿ ಓದಿತ್ತು. ಅಚ್ಚಿನ ಪುಸ್ತಕದ ಮೇಲೆ ಬೆರಳಿಟ್ಟೇ ಕೇಳಬೇಕು, ಅದು ನಿಯಮ. ನಾನೇ ಎಲ್ಲರಿಗೂ ಹೇಳಿಕೊಟ್ಟ ನಿಯಮ. ಅವತ್ತು ಮಾತ್ರ, ಈ ಪದ್ಯಕ್ಕೆ ನನಗೆಂಥ ಪುಸ್ತಕ ಎಂದು ಕಣ್ಣು ಮುಚ್ಚಿ ಕೇಳಿದೆ. ಒಂದೂ ತಪ್ಪಿಲ್ಲ ಎಂದು ರುಜು ಹಾಕಿದೆ.

ಹತ್ತು ದಿನ ಕಳೆದು ಔಷಧಿ ಅಂಗಡಿಯವನು ತಲೆ ಕೆರೆಯುತ್ತ ಬಂದ. “ಅಮ್ಮಾ, ಒಬ್ಬರು ಮೇಷ್ಟ್ರು ಬರೆದಿದಾರೆ. ಇಪ್ಪತ್ತೆರಡನೇ ಚರಣದಲ್ಲಿ ಒಂದು ಸಾಲು ಬಿಟ್ಟುಹೋಗಿದೆಯಂತೆ.”

ನನಗೆ ಮೈಯೆಲ್ಲ ಉರಿಯಿತು. ಆರು ವರ್ಷದಲ್ಲಿ ನನ್ನ ರುಜುವಿನ ಕೆಳಗೆ ತಪ್ಪು ಸಿಕ್ಕಿರಲಿಲ್ಲ. “ತೆಗೆದುಹಾಕು” ಅಂದೆ.

“ಹದಿನೈದು ದಿನ ಟೈಮ್ ಕೊಡ್ಬೇಕಲ್ಲಮ್ಮ, ಅವರೇ ಇನ್ನೊಂದ್ಸಲ ಓದ್ತಾರೆ.”

“ನನ್ನ ರುಜು ಇರೋ ಕಡೆ ಹೊಲಸು ಒಂದು ದಿನಾನೂ ಇರಬಾರದು. ಈಗಲೇ ತೆಗಿ.”

ತೆಗೆದ. ಅಲ್ಲಿ ತೆಗೆದರೆ ತೆಗೆದ ಹಾಗೆ, ಮತ್ತೆ ಸಿಗುವುದಿಲ್ಲ. ಕಂಪ್ಯೂಟರ್ ಮುಚ್ಚುತ್ತ ಅವನು ಮೆಲ್ಲಗೆ ಕೇಳಿದ, “ಓದಿದವರು ಒಂದು ಸಾಲು ಬಿಡೋದು ಇದ್ದದ್ದೇ ಬಿಡಿ. ಕೇಳಿದ ನಿಮಗೂ ಅದೇ ಸಾಲು ಹೇಗಮ್ಮ ತಪ್ಪಿಹೋಯ್ತು?”

ಮನೆಗೆ ಬಂದು ಟ್ರಂಕಿನಿಂದ ಅಪ್ಪನ ಪುಸ್ತಕ ತೆಗೆದೆ. ಅಚ್ಚುಕೂಟದವರು ಹರಿದಿದೆ ಎಂದು ಎಸೆದದ್ದನ್ನು ಅಪ್ಪ ತಂದು ಹೊಲಿದು ಕಟ್ಟಿದ್ದನಲ್ಲ, ಅದು. ಇಪ್ಪತ್ತೆರಡನೇ ಚರಣ ಪುಟದ ತಳಕ್ಕೆ ಬರುತ್ತದೆ. ಆ ತಳ ಹರಿದಿತ್ತೆಂದು ಅಪ್ಪ ಬಟ್ಟೆಯ ಪಟ್ಟಿ ಅಂಟಿಸಿದ್ದ. ಬೆಳಕಿಗೆ ಹಿಡಿದರೆ ಪಟ್ಟಿಯ ಕೆಳಗೆ ಅಕ್ಷರದ ನೆರಳು ಕಾಣುತ್ತದೆ. ಒಂದು ಸಾಲು. ಅದೇನೆಂದು ಆಮೇಲೆ ಅಂಗಡಿಯಲ್ಲಿರುವ ಪುಸ್ತಕದಲ್ಲಿ ಓದಿ ನೋಡಿದೆ. ದೋಣಿಯ ಹಗ್ಗದ ವಿಷಯ, ಅಂಥ ದೊಡ್ಡದೇನಲ್ಲ. ಅದನ್ನು ಬಿಟ್ಟು ಆ ಪದ್ಯವನ್ನು ಕಲಿತವರು ಲೋಕದಲ್ಲಿ ಮೂರೇ ಜನ. ಅಪ್ಪ ತೀರಿಕೊಂಡು ಮೂವತ್ತೊಂದು ವರ್ಷವಾಯಿತು. ಇನ್ನೊಬ್ಬಳು ನಾನು.

ನಾನು ಅಂಗಡಿಗೆ ಓಡಿದೆ. ಓಡಿದೆ ಎಂದೇ ಬರೆಯುತ್ತಿದ್ದೇನೆ, ಬೀದಿಯವರು ನೋಡಿದ್ದಾರೆ. ಅಷ್ಟರಲ್ಲಿ, ತಪ್ಪಿನ ವಿಷಯ ಅವನು ತಿಳಿಸಿದ್ದಕ್ಕೆ ನಿನ್ನ ಸಂದೇಶ ಬಂದಿತ್ತು. ಆಪರೇಷನ್ ಮಾಡಿ ಗಂಟಲಿನ ಧ್ವನಿಪೆಟ್ಟಿಗೆ ತೆಗೆದಿದ್ದಾರೆ, ಇನ್ನು ಓದಲಾಗದು, ಅದು ನನ್ನ ಕೊನೆಯ ಓದು, ತಪ್ಪಿದ್ದರೂ ಹಾಗೇ ಇರಲಿ ಬಿಡಿ ಎಂದು. ನಿನ್ನ ಹತ್ತಿರವಾದರೂ ಒಂದು ಪ್ರತಿ ಇರಬಹುದು ಎಂದು ಅವನಿಂದ ಕೇಳಿಸಿದೆ. ಇಲ್ಲ, ಫೋನ್ ಪಕ್ಕದ ಮನೆಯವರದು, ಕಳಿಸಿದ ಕೂಡಲೇ ಅಳಿಸಿದೆ ಎಂದು ನೀನು ಉತ್ತರಿಸಿದೆ. ಕೇಳಿಸಿದವಳು ನಾನು ಎಂದು ನಿನಗೆ ಗೊತ್ತಿರಲಿಲ್ಲ.

“ನೀವೇ ಓದಿಬಿಡಿ ಅಮ್ಮ, ಜಾಗ ಖಾಲಿ ಇದೆ” ಅಂದ ಅಂಗಡಿಯವನು. ಕಂಬಳಿ ಹೊದ್ದು ನಾಲ್ಕು ಸಲ ಓದಿದೆ. ಪುಸ್ತಕ ಎದುರಿಗೇ ಇತ್ತು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ನಾಲ್ಕು ಸಲವೂ ನಾಲಿಗೆ ಅದನ್ನು ಹಾರಿಯೇ ಮುಂದೆ ಹೋಯಿತು. ಈಗ ಆ ಮೇಷ್ಟ್ರು ಓದುತ್ತಾರಂತೆ. ಶುದ್ಧವಾಗಿ ಓದುತ್ತಾರೆ. ಇನ್ನು ಮುಂದೆ ಆ ಪದ್ಯ ಕೇಳುವವರಿಗೆ ಯಾವ ಕೊರತೆಯೂ ಇರುವುದಿಲ್ಲ.

ನಿನ್ನ ವಿಳಾಸವನ್ನು ಅವನು ಮಾತ್ರೆಯ ಕವರಿನ ಮೇಲೆ ಬರೆದು ಕೊಟ್ಟ. “ನಿಮಗೋಸ್ಕರ ನಿಯಮ ಮುರೀತಾ ಇದೀನಿ” ಅಂದ. ನಾನು ಹೆಡ್‌ಫೋನನ್ನು ಅವನ ಮೇಜಿನ ಮೇಲಿಟ್ಟು, ನಾಳೆಯಿಂದ ಬರುವುದಿಲ್ಲ ಎಂದೆ. ಇನ್ನು ಯಾರ ಧ್ವನಿಗೂ ಸರಿ ತಪ್ಪು ಹೇಳುವುದಿಲ್ಲ. ಅಪ್ಪನ ಪುಸ್ತಕವನ್ನು ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ ನಿನಗೆ ಕಳಿಸಿಯಾಯಿತು. ಪಟ್ಟಿಯನ್ನು ಕೀಳಲಿಲ್ಲ. ವಾಪಸು ಕಳಿಸಿದರೂ ನಾನು ತೆಗೆದುಕೊಳ್ಳುವುದಿಲ್ಲ.

ಹರಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ. ವಯಸ್ಸಿನಲ್ಲಿ ದೊಡ್ಡವಳು, ಹರಸುತ್ತೇನೆ. ನೋವಿಲ್ಲದೆ ನಿದ್ದೆ ಬರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಲಾರಿ ಡ್ರೈವರನ್ನು ಮದುವೆಯಾಗಿ ಹೋದವಳು, ಅಪ್ಪ ಹಾಸಿಗೆ ಹಿಡಿದಿದ್ದಾನೆಂದು ಕೇಳಿ ಮಧ್ಯಾಹ್ನದ ಹೊತ್ತಿನಲ್ಲಿ ಬಂದೆಯಲ್ಲ. “ನಿನ್ನ ಧ್ವನಿ ಕೂಡ ಕೇಳೋದು ಬೇಡ ಅಂದಿದಾನೆ ಅಪ್ಪ” ಎಂದು ನಾನು ಬಾಗಿಲಲ್ಲೇ ಹೇಳಿದೆ. ನೀನು ತಿರುಗಿ ಹೋದೆ. ಅಪ್ಪ ಹಾಗೆ ಅಂದಿರಲಿಲ್ಲ. ನಾನು ಒಳಗೆ ಬಂದಾಗ ಎದ್ದು ಕೂರಲು ನೋಡುತ್ತಿದ್ದ. “ಯಾರೇ ಅದು? ಚಿಕ್ಕವಳ ಧ್ವನಿ ಕೇಳಿದ ಹಾಗಾಯ್ತಲ್ಲೇ?” ಎಂದ. “ಇಲ್ಲಪ್ಪ, ಯಾರೋ ವಿಳಾಸ ಕೇಳ್ಕೊಂಡು ಬಂದಿದ್ರು” ಎಂದೆ. ಅಪ್ಪ ಸ್ವಲ್ಪ ಹೊತ್ತು ಬಾಗಿಲ ಕಡೆಗೇ ನೋಡಿದ. ಆಮೇಲೆ ದಿಂಬಿಗೆ ಒರಗಿ ಕೇಳಿದ, “ಪಾಪ, ಇಂಥ ಬಿಸಿಲಲ್ಲಿ. ದಾರಿ ಸರಿಯಾಗಿ ಹೇಳಿ ಕಳಿಸಿದ್ಯಾ?”

ಹೂಂ ಅಂದೆ.