ಒಂಬತ್ತನೇ ನಂಬರಿನ ತವರು

ರೂಮು ನಂ. 9, ಸಂಶೋಧಕಿಯರ ಹೊಸ ಬ್ಲಾಕ್,
ಮೈಸೂರು
18 ಸೆಪ್ಟೆಂಬರ್ 2004, ಶನಿವಾರ

ಮುದ್ದು ಮಧು,

‘ನೀರು ತಾನು ನಿಂತಲ್ಲೆಲ್ಲ ಊರು ಎಂದುಕೊಳ್ಳುತ್ತದೆ.’ ಬೆಳಗಿನಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ, ಯಾರು ಬರೆದದ್ದೋ ನೆನಪಿಲ್ಲ. ‘ನಿಂತಲ್ಲೆಲ್ಲ’ ಎಂದಿತ್ತೋ, ‘ಹರಿದಲ್ಲೆಲ್ಲ’ ಎಂದಿತ್ತೋ, ಅದೂ ಖಚಿತವಿಲ್ಲ. ನಿಂತ ನೀರಾದರೆ ಅದೊಂದು ಸಮಾಧಾನದ ಮಾತು. ಹರಿಯುವ ನೀರಾದರೆ ಗೇಲಿ. ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ ಹುಡುಕಿದೆ, ಸಿಗಲಿಲ್ಲ. ನಿನ್ನ ಪತ್ರಕ್ಕೆ ಉತ್ತರ ಬರೆಯುವುದನ್ನು ಮುಂದೂಡಲು ಇದೊಂದು ನೆಪ ಎಂದು ಐದನೇ ಪುಸ್ತಕದ ಹೊತ್ತಿಗೇ ಗೊತ್ತಾಗಿತ್ತು. ಆದರೂ ಹತ್ತನೆಯದರವರೆಗೆ ಹುಡುಕಿದೆ.

ಪತ್ರ ಸೋಮವಾರವೇ ಬಂತು. ಬುಧವಾರ ಫೋನ್ ಮಾಡಿದಾಗ ಆ ವಿಷಯವನ್ನೇ ಎತ್ತಲಿಲ್ಲವೆಂದು ಬೇಸರ ಮಾಡಿಕೊಂಡಿರುತ್ತೀಯ. ನಮ್ಮ ಬ್ಲಾಕಿನ ಫೋನು ಇರುವುದು ಮೆಟ್ಟಿಲ ಕೆಳಗೆ. ನನ್ನ ಬೆನ್ನಿಗೆ ಯಾವಾಗಲೂ ನಾಲ್ಕೈದು ಹುಡುಗಿಯರು ಕಾಯುತ್ತಾ ನಿಂತಿರುತ್ತಾರೆ. ನಿನ್ನ ಪಕ್ಕದಲ್ಲಿ ನಿಮ್ಮ ಅತ್ತೆಯವರು ಇರುತ್ತಾರೆ. ‘ಊಟ ಆಯ್ತಾ’ ಎಂಬುದರ ಆಚೆಗೆ ಇಬ್ಬರಿಗೂ ಹೋಗಲಾಗುವುದಿಲ್ಲ.

ನೀನು ಕೇಳಿದ್ದು ಏನೂ ಹೆಚ್ಚಿನದಲ್ಲ. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ಡಾಕ್ಟರು ಡಿಸೆಂಬರ್ ಮೊದಲ ವಾರ ಎಂದಿದ್ದಾರೆ. ಅಷ್ಟರೊಳಗೆ ನಾನು ನಜರ್‌ಬಾದಿನ ಮನೆಗೆ ಹೋಗಿ ಇದ್ದುಬಿಡಬೇಕು, ಬಾಣಂತನ ಮುಗಿದ ಮೇಲೆ ‘ನಿನ್ನ ಓದು ನಿನಗಿದ್ದೇ ಇದೆಯಲ್ಲಮ್ಮ’. ನಿಮ್ಮ ಅತ್ತೆ ನಗುನಗುತ್ತಲೇ, ‘ನಿಮ್ಮಮ್ಮ ಹಾಸ್ಟೆಲ್ಲಲ್ಲೇ ತೊಟ್ಟಿಲು ಕಟ್ಟುಸ್ತಾರೇನಮ್ಮ?’ ಎಂದರಂತೆ. ನಿನಗೆ ಚುಚ್ಚಿತು, ಅದಕ್ಕೇ ಬರೆದೆ. ನನಗೆ ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿಜ ಹೇಳಲೇ? ಮೊದಲು ಹೊಳೆದದ್ದು, ಯಾಕೆ ಕಟ್ಟಿಸಬಾರದು ಎಂದು.

ಈ ರೂಮನ್ನು ನೀನು ಒಂದೇ ಸಲ, ಹತ್ತು ನಿಮಿಷ ನೋಡಿದ್ದೀಯ. ಹೊರದೇಶದ ವಿದ್ಯಾರ್ಥಿನಿಯರಿಗೆಂದು ಕಟ್ಟಿಸಿದ್ದಂತೆ. ಅವರು ಬರಲಿಲ್ಲ, ನಾವು ಬಂದೆವು. ಮೆಸ್ ಇಲ್ಲ. ಒಂದು ಮಂಚ, ಮೇಜು, ಕಿಟಕಿಯ ಕೆಳಗೆ ಒಂದೂವರೆ ಗಜದ ಅಡುಗೆ ಕಟ್ಟೆ, ಒಂದೇ ಪಾತ್ರೆ ಹಿಡಿಸುವ ಕರೆಂಟು ಒಲೆ, ಮೂಲೆಯಲ್ಲಿ ಬಚ್ಚಲು, ಕಕ್ಕಸು. ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಬಾರಿಗೆ ನನ್ನೊಬ್ಬಳದೇ ಬಚ್ಚಲು! ಬಂದ ಹೊಸದರಲ್ಲಿ ಕೈ ಪಳಗದೆ ಐದು ಜನರ ಸಾರು ಮಾಡಿ, ಕಾರಿಡಾರಿನಲ್ಲಿ ಹಂಚುತ್ತಿದ್ದೆ. ಹುಡುಗಿಯರಿಗೆ ಅಭ್ಯಾಸವಾಗಿ, ಅಳತೆ ಸರಿಹೋದ ದಿನ, ‘ಯಾಕಾಂಟಿ, ಇವತ್ತು ಮಡಿಕೆ ಒಡೀತಾ?’ ಎಂದು ಒಬ್ಬಳು ಕೇಳಿದಳು.

ನಾನು ಇಲ್ಲಿಗೆ ಬಂದದ್ದಕ್ಕೆ ಎಲ್ಲರಿಗೂ ಹೇಳಿದ ಕಾರಣ ಬಸ್ಸು. ನಜರ್‌ಬಾದಿನಿಂದ ಸಿಟಿ ಸ್ಟ್ಯಾಂಡು, ಅಲ್ಲಿಂದ ಬೋಗಾದಿ ಬಸ್ಸು, ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ ಎಂದು. ನಿಮ್ಮಪ್ಪ ಮದುವೆ ಮನೆಗಳಲ್ಲಿ ಅದನ್ನೇ ಹೇಳಿದರು. ನೀನೂ ನಿಮ್ಮ ಮನೆಯಲ್ಲಿ ಅದನ್ನೇ ಹೇಳಿದೆ. ಅರ್ಧ ಗಂಟೆಯ ದಾರಿ, ಮಧು. ಕಾರಣ ಬಸ್ಸಲ್ಲ.

ನಿಮ್ಮಪ್ಪ ಎಂದೂ ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಅದಕ್ಕೇ ಹೇಳುವುದು ಕಷ್ಟ. ನಿನ್ನ ಮದುವೆಯಾದ ಮರುತಿಂಗಳು ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಕೂತಿದ್ದೆ. ಕನ್ನಡಕ ಎಲ್ಲಿ ಎಂದರು, ಎದ್ದೆ. ಗ್ಯಾಸಿನವನು ಬಂದನಾ ಎಂದರು, ಎದ್ದೆ. ಒಂದು ಲೋಟ ನೀರು. ಫ್ಯಾನು ಸ್ವಲ್ಪ. ಯಾವುದೂ ಜೋರಿನ ಮಾತಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಸಲ ಎದ್ದಿದ್ದೆ, ಅದೇ ಪುಟದಲ್ಲಿದ್ದೆ. ಇಪ್ಪತ್ತಾರು ವರ್ಷ ಅದೇ ಪುಟದಲ್ಲಿದ್ದೇನೆ ಅನ್ನಿಸಿತು. ಇಷ್ಟೇ ಕಾರಣ. ಪಂಚಾಯಿತಿಗೆ ಕೂತರೆ ಯಾರೂ ಒಪ್ಪುವುದಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಗಬೇಡ. ಇಲ್ಲಿ ಕರೆಯುವವರು ಯಾರೂ ಇಲ್ಲ. ಆದರೂ ಏಳುತ್ತಿದ್ದೆ. ಕೂತರೆ ಒಲೆ ಆರಿಸಿದೆನಾ ಎಂದು ಏಳುವುದು, ಕಟ್ಟೆ ಒರೆಸುವುದು, ನಲ್ಲಿ ನೋಡುವುದು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವುದು. ಒಂದೂಮುಕ್ಕಾಲು ವರ್ಷ ಹೀಗೇ ಹೋಯಿತು. ಸಂಶೋಧನೆ ಎಲ್ಲಿಗೆ ಬಂತು ಎಂದು ನೀನು ಕೇಳಿದಾಗಲೆಲ್ಲ ‘ನಡೀತಿದೆ’ ಎಂದೆನಲ್ಲ, ಏನೂ ನಡೆದಿರಲಿಲ್ಲ. ಹೋದ ತಿಂಗಳು ಒಂದು ದಿನ ಜೋಗುಳಗಳ ಅಧ್ಯಾಯ ಬರೆಯಲು ಕೂತವಳು ತಲೆ ಎತ್ತಿದಾಗ ಮೂರು ಗಂಟೆ ಕಳೆದಿತ್ತು. ಒಮ್ಮೆಯೂ ಎದ್ದಿರಲಿಲ್ಲ. ಹೆದರಿಕೆಯಾಯಿತು, ಕಾಲು ಬಿದ್ದುಹೋಗಿದೆಯೇನೋ ಎಂದು ಮುಟ್ಟಿ ನೋಡಿಕೊಂಡೆ. ಆಮೇಲೆ ದಿನವೂ ಹಾಗೇ ಕೂರುತ್ತಿದ್ದೇನೆ. ಮಾರ್ಚಿಗೆ ಪ್ರಬಂಧ ಒಪ್ಪಿಸಬೇಕು, ಮೂರು ಅಧ್ಯಾಯ ಬಾಕಿ.

ಹೋದ ಭಾನುವಾರ ನಿಮ್ಮಪ್ಪ ಬಂದಿದ್ದರು. ಗಂಡಸರನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಎರಡು ವರ್ಷದಲ್ಲಿ ಅವರು ನನ್ನ ರೂಮು ನೋಡಿಲ್ಲ. ಆ ನಿಯಮ ನನಗೆ ಇಷ್ಟ, ಇದನ್ನು ಅವರಿಗೆ ಹೇಳಬೇಡ. ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು. ಕೈಚೀಲದ ತುಂಬ ಬೆಳ್ಳುಳ್ಳಿ, ಸಾಂಬ್ರಾಣಿ, ಬಜೆ. ಯಾವ ಅಂಗಡಿಯಲ್ಲಿ ಕೇಳಿ ತಂದರೋ! ‘ಬರ್ತೀಯಾ’ ಎಂದು ಕೇಳಲಿಲ್ಲ, ‘ಯಾವತ್ತು ಬರ್ತೀಯ’ ಎಂದರು. ಮಹಡಿಯ ರೂಮಿಗೆ ಸುಣ್ಣ ಹೊಡೆಸುತ್ತಾರಂತೆ, ‘ಮಗು ಮಲಗ್ದಾಗ ನೀನೂ ಆರಾಮಾಗಿ ಓದ್ಕೋಬಹುದು ಕಣೇ’ ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ನೀರು ಬೇಕೆಂದರು. ಎದ್ದೆ.

ಸೋಮವಾರ ನಿನ್ನ ಪತ್ರ ಬಂದ ಮೇಲೆ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಇಲ್ಲೇ ಬಾಣಂತನ ಆದೀತೇ ಎಂದು ನೋಡಲು ಬಚ್ಚಲಿನಲ್ಲಿ ಸೀರೆ ಎತ್ತಿ ಕಟ್ಟಿ, ನೆಲದ ಮೇಲೆ ಕೂತು ಕಾಲು ಚಾಚಿದೆ. ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಬೇಕಲ್ಲ. ಗೋಡೆಗೆ ಬೆನ್ನು ಆನಿಸಿದರೆ ಪಾದ ಕಮೋಡಿಗೆ ತಗಲುತ್ತದೆ. ಓರೆಯಾಗಿ ಕೂತರೆ ಸರಿಯಾಗಿ ಹಿಡಿಸುತ್ತದೆ. ಅಳತೆ ಗೊತ್ತಾಗಲಿ ಎಂದು ದಿಂಬನ್ನು ಕಾಲ ಮೇಲೆ ಇಟ್ಟುಕೊಂಡಿದ್ದೆ. ಕರಿಬೇವಿಗೆ ಬಂದ ಪಕ್ಕದ ರೂಮಿನ ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ‘ಏನಕ್ಕ, ದಿಂಬಿಗೆ ಎಣ್ಣೆ ನೀರಾ? ಕಣ್ಣಿಗೆ ಸೀಗೆಪುಡಿ ಬಿದ್ದಾತು, ಉಸಾರು’ ಎಂದಳು. ಆಮೇಲೆ ವಿಷಯ ತಿಳಿದು, ‘ಜೋಗುಳದ ಮೇಲೆ ಪಿಎಚ್.ಡಿ. ಮಾಡೋರು ತೊಟ್ಟಿಲಿಗೆ ಜಾಗ ಇಲ್ಲ ಅಂತ ಅಳ್ತಾವ್ರೆ!’ ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ನಕ್ಕಳು.

ಮರುದಿನ ವಾರ್ಡನ್ ದೇವಿರಮ್ಮನವರನ್ನು ಕಂಡೆ. ನಿಯಮದ ಪ್ರಕಾರ ಹೆಂಗಸರನ್ನು ಅತಿಥಿಯಾಗಿ ಇಟ್ಟುಕೊಳ್ಳಬಹುದು, ಆದರೆ ಏಳು ದಿನ ಮಾತ್ರ. ಏಳು ದಿನಕ್ಕೆ ಯಾರು ಹೆತ್ತು ಎದ್ದು ಹೋಗುತ್ತಾರೆ ಮೇಡಂ ಎಂದೆ. ‘ನಾನೇನ್ ಮಾಡ್ಲಿ ಗಿರಿಜಾಂಬಾ, ಈ ರೂಲ್ಸು ಬರೆದೋರು ಗಂಡಸರು’ ಎಂದರು. ಹಾಗಾದರೆ ಮೂರು ತಿಂಗಳು ಬೀಗ ಹಾಕಿಕೊಂಡು ಹೋಗಿ ಬರಲೇ ಎಂದರೆ ಅದೂ ಆಗದು. ಒಂದು ತಿಂಗಳು ಮೀರಿ ಮುಚ್ಚಿದ್ದರೆ ರೂಮು ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಪಟ್ಟಿಯಲ್ಲಿ ಮೂವತ್ತೊಂದು ಜನ ಇದ್ದಾರೆ. ಖಾಲಿ ಮಾಡುವ ಫಾರಮ್ಮನ್ನು ಅವರೇ ಕೈಗಿತ್ತರು.

ಮೂರು ದಿನ ಆ ಫಾರಮ್ಮನ್ನು ನಿಘಂಟಿನೊಳಗೆ ಇಡುವುದು, ತೆಗೆಯುವುದು. ಒಮ್ಮೆ ಅನ್ನಿಸುತ್ತದೆ, ನನ್ನ ಹೊಟ್ಟೆಯಲ್ಲಿ ಬೆಳೆದವಳು ತನ್ನ ಹೊಟ್ಟೆ ಹೊತ್ತು ಬರುತ್ತೇನೆ ಎಂದರೆ ನಿಯಮ ಹೇಳುತ್ತಾ ಕೂರುವ ನಾನೆಂಥ ತಾಯಿ. ಇನ್ನೊಮ್ಮೆ, ಈಗ ಎದ್ದು ಹೋದರೆ ಮತ್ತೆ ಕೂರಲಾರೆ ಎಂದು ಖಚಿತವಾಗಿ ಗೊತ್ತಿದೆ. ನಲವತ್ತೆಂಟಾಯಿತು, ಮಧು. ‘ಆಮೇಲೆ’ ಎಂಬುದು ನಿನಗೆ ಕಂಡಷ್ಟು ಉದ್ದ ನನಗೆ ಕಾಣುವುದಿಲ್ಲ.

ಇಷ್ಟೆಲ್ಲ ಬರೆದು ನಿನ್ನನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಫಾರಮ್ಮು ತುಂಬಿದ್ದೇನೆ. ನವೆಂಬರ್ ಒಂದರಂದು ನಜರ್‌ಬಾದಿಗೆ ಹೋಗುತ್ತೇನೆ. ನೀನು ಯಾವಾಗ ಬೇಕಾದರೂ ಬಾ. ನಿಮ್ಮ ಅತ್ತೆಯವರಿಗೆ, ತೊಟ್ಟಿಲು ಮನೆಯಲ್ಲೇ ಕಟ್ಟುತ್ತೇವೆ ಎಂದು ಹೇಳು. ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ‘ಸಂತೋಷದಿಂದಲೇ ಹೋಗುತ್ತಿದ್ದೇನೆ’ ಎಂದಿತ್ತು.

ಬೆಳಿಗ್ಗೆ ಹೊತ್ತು ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನನ್ನೇ ನೆನೆಯುತ್ತಾ ಕೂತಿರುವ,
ಅಮ್ಮ

ತಾ.ಕ.: ಸೋಮವಾರ, ಬೆಳಿಗ್ಗೆ. ನಿನ್ನೆ ಅಂಚೆ ಇಲ್ಲದ್ದರಿಂದ ಪತ್ರ ಮೇಜಿನ ಮೇಲೇ ಉಳಿಯಿತು. ಒಳ್ಳೆಯದೇ ಆಯಿತು. ಒಂದು ವಿಷಯವನ್ನು ಎರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟಿದ್ದೇನೆ, ಮೇಲಿನ ಪುಟಗಳಲ್ಲೂ ಮುಚ್ಚಿಟ್ಟಿದ್ದೇನೆ.

‘ಪಕ್ಕದ ರೂಮಿನ ಹುಡುಗಿ’ ಎಂದೇ ಬರೆಯುತ್ತಾ ಬಂದೆನಲ್ಲ, ಅವಳ ಹೆಸರು ಸಂಘಮಿತ್ರ. ಕೆಸರೆಯವಳು. ಅವಳ ತಂದೆಯ ಕಾಲದಲ್ಲಿ ಬೌದ್ಧರಾದ ಮನೆ. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಒಲೆಗೆ ಒಂದೇ ಪಾತ್ರೆ ಹಿಡಿಸುವುದರಿಂದ ದಿನವೂ ಅವಳ ರೂಮಿನಲ್ಲಿ ಮುದ್ದೆ, ನನ್ನ ರೂಮಿನಲ್ಲಿ ಸಾರು, ಊಟ ಒಟ್ಟಿಗೆ. ಅವಳ ಮನೆಯಿಂದ ಕೋಳಿ ಸಾರು ಬರುವ ಭಾನುವಾರ ಮಾತ್ರ ಬೇರೆ ಬೇರೆ. ಹೆಸರು ಬರೆದರೆ ನಿಮ್ಮ ಮನೆಯಲ್ಲಿ ಗೊತ್ತಾಗಿಬಿಡುತ್ತದೆ ಎಂದು ಬರೆಯಲಿಲ್ಲ. ಜುಲೈನಲ್ಲಿ ನಿಮ್ಮ ಅತ್ತೆ ಫೋನಿನಲ್ಲಿ, ಪಕ್ಕದ ರೂಮಿನವರು ನಮ್ಮೋರೇನಾ ಎಂದು ಕೇಳಿದರು. ‘ಹ್ಞೂಂ, ಪಕ್ಕದ ರೂಮಿನೋರು ನಮ್ಮೋರೇ’ ಎಂದುಬಿಟ್ಟೆ. ತಿರುಗಿದರೆ ಸಂಘಮಿತ್ರ ಫೋನಿಗೆ ಕಾಯುತ್ತಾ ನನ್ನ ಹಿಂದೆಯೇ ನಿಂತಿದ್ದಳು. ಯಾವ ಪ್ರಶ್ನೆಗೆ ಆ ಉತ್ತರ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಂದು ಸಂಜೆಯೂ ಮುದ್ದೆ ತಂದಳು. ಎಂದಿನಂತೆ ಒಟ್ಟಿಗೆ ಉಂಡೆವು.

ನಿನ್ನೆ ಅವಳು ಬಂದಾಗ ಮೇಜಿನ ಮೇಲೆ ತುಂಬಿದ ಫಾರಮ್ಮು ಕಂಡಿತು. ಓದಿದಳು, ಹೊರಟುಹೋದಳು. ಇಡೀ ದಿನ ಮುಖ ತೋರಿಸಲಿಲ್ಲ. ಈಗ ಹತ್ತು ನಿಮಿಷದ ಕೆಳಗೆ ಬಂದಳು. ತಲೆಗೆ ಸ್ನಾನ ಮಾಡಿ ಟವಲು ಸುತ್ತಿಕೊಂಡಿದ್ದಳು, ಕೈಯಲ್ಲಿ ಹಾಸ್ಟೆಲ್ಲಿನ ನಿಯಮಗಳ ಹಾಳೆ ಇತ್ತು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು ಹೇಳಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಫಾರಮ್ಮನ್ನು ಇನ್ನೂ ಕೊಟ್ಟಿಲ್ಲ, ನಿನ್ನ ಉತ್ತರ ಬರುವವರೆಗೆ ಕೊಡುವುದೂ ಇಲ್ಲ.

‘ರೂಲ್ಸು ಸರಿಯಾಗಿ ಓದಿದ್ದೀರೇನಕ್ಕ? ಏಳು ದಿನ ಅನ್ನೋದು ಬ್ಲಾಕಿಗಲ್ಲ, ರೂಮಿಗೆ. ಹನ್ನೆರಡು ರೂಮು ಅವೆ, ಹನ್ನೆರಡು ವಾರ ಆಯ್ತು. ಎಲ್ಲಾರ್ನೂ ಕೇಳ್ಬುಟ್ಟೆ, ಎಲ್ಲಾರೂ ಹೂಂ ಅಂದವ್ರೆ. ಪುಸ್ತಕದಲ್ಲಿ ಒಂದೊಂದು ವಾರ ಒಬ್ಬೊಬ್ರ ಹೆಸರಲ್ಲಿ ಇರ್ಲಿ, ಮಲಗೋದು ನಿಮ್ ರೂಮಲ್ಲೇ. ಕೂಸಿನ ವಿಷ್ಯ ರೂಲ್ಸಲ್ಲಿ ಬರ್ದೇ ಇಲ್ಲ, ಅದನ್ನ ಬುಡಿ. ನಿಮ್ದು ಮೊದಲ್ನೇ ವಾರ, ಎರಡ್ನೇದು ನಂದು. ರಿಜಿಸ್ಟರಲ್ಲಿ ಸಂಬಂಧ ಅಂತ ಒಂದು ಕಾಲಂ ಅದೆ. ಅಲ್ಲಿ ನಿಮ್ ಮಗಳನ್ನ ನಮ್ಮಕ್ಕನ ಮಗಳು ಅಂತ ಬರೀತೀನಿ. ಅದರ ಪಕ್ಕದಲ್ಲಿ ನಿಮ್ ಮಗಳು ಸೈನ್ ಹಾಕ್ಬೇಕು. ಹಾಕ್ತಾಳಾ ಅಂತ ಮೊದ್ಲು ಕೇಳ್ರಕ್ಕ, ಆಮೇಲೆ ಬೇಕಾದ್ರೆ ಖಾಲಿ ಮಾಡಿ.’